ಹಿರಿಯರ ಆರೈಕೆ ಮಾಡೋರು ಯಾಕಿಷ್ಟು ಬೇಗ ಬಳಲಿ ಹೋಗ್ತಾರೆ?

ಕೇರ್ ಹೋಮ್‌ನಲ್ಲಿ ಕೆಲಸ ಮಾಡೋರ ವಿಷಯ ಬಂದ್ರೆ ಸಾಮಾನ್ಯವಾಗಿ ಕೇಳಿ ಬರೋ ಮಾತು ಒಂದೇ, "ಅಯ್ಯೋ ಅದಕ್ಕೆಲ್ಲ ದೊಡ್ಡ ಮನಸ್ಸು ಬೇಕು ಬಿಡಿ, ನಮ್ ಕೈಲಾಗಲ್ಲ". ಹೊಗಳಿಕೆನೇ ಇದು, ಇಲ್ಲ ಅನ್ನಲ್ಲ. ಆದ್ರೆ ಮನಸ್ಸು ದೊಡ್ಡದಿದ್ರೆ ಈ ಕೆಲಸ ನಡೆಯತ್ತೆ ಅಂತಾದ್ರೆ, ಸುಸ್ತಾಗಿ ಬಿಟ್ಟು ಹೋದೋರ ಮನಸ್ಸು ಸಣ್ಣದು ಅಂತಾಯ್ತಲ್ಲ. ಮ್ಯಾನೇಜ್‌ಮೆಂಟ್‌ನವರಿಗೂ ಈ ಲೆಕ್ಕ ಅನುಕೂಲನೇ, ತಿಂಗಳಿಗೊಂದು ಮೆಡಿಟೇಶನ್ ಕ್ಲಾಸ್ ಇಟ್ಟು ಕೈ ತೊಳ್ಕೊಬಹುದು. ಕೆಲಸದ ಸ್ಟ್ರೆಸ್ ಬಗ್ಗೆ ಸುಮಾರು ಐವತ್ತು ವರ್ಷದಿಂದ ನಡೆದಿರೋ ಅಧ್ಯಯನಗಳನ್ನ ಓದಿದ್ರೆ ವಿಷಯ ಬೇರೆನೇ ಇದೆ. ಇವರನ್ನ ಹೈರಾಣು ಮಾಡ್ತಿರೋದು ವಯಸ್ಸಾದ ಜೀವಗಳಲ್ಲ, ಆ ಜೀವಗಳನ್ನ ಹೇಗೆ ನೋಡ್ಕೊಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಹಾಗೆ ನೋಡ್ಕೊಳ್ಳೋಕೆ ಟೈಮೂ ಇಲ್ಲದೆ, ಅಧಿಕಾರನೂ ಇಲ್ಲದೆ ಇರೋ ಪರಿಸ್ಥಿತಿ.

ಮೊದಲು ಇವರು ಯಾರು ಅಂತ ನೋಡೋಣ. ಡಿಮೆನ್ಷಿಯಾ (ನೆನಪು, ತಿಳುವಳಿಕೆ ಕುಗ್ಗುತ್ತಾ ಹೋಗೋ ಕಾಯಿಲೆ), ಸ್ಟ್ರೋಕ್, ಪಾರ್ಕಿನ್ಸನ್ಸ್, ತೀರಾ ವಯಸ್ಸಾಗಿ ಎದ್ದು ಓಡಾಡೋಕಾಗದಿರೋದು, ಹುಟ್ಟಿನಿಂದಲೋ ಅಪಘಾತದಿಂದಲೋ ಬಂದ ಅಂಗವೈಕಲ್ಯ, ಇಂಥ ಸ್ಥಿತಿಯಲ್ಲಿ ಇರೋರಿಗೆ ಸ್ನಾನ, ಬಟ್ಟೆ, ಊಟ, ಟಾಯ್ಲೆಟ್, ಮಗ್ಗುಲು ಬದಲಾಯಿಸೋದು ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು, ಅದೂ ವರ್ಷಗಟ್ಟಲೆ. ಇದನ್ನೇ ದೀರ್ಘಕಾಲದ ಆರೈಕೆ ಅನ್ನೋದು. ಕೇರ್ ಹೋಮ್‌ನಲ್ಲೂ ನಡೆಯತ್ತೆ, ಮನೆಗೆ ಹೋಗಿ ಮಾಡೋರೂ ಇದ್ದಾರೆ. ಶ್ರೀಮಂತ ದೇಶಗಳ ಒಕ್ಕೂಟ ಓಇಸಿಡಿ 2020ರಲ್ಲಿ ಕೊಟ್ಟ ವರದಿ ಪ್ರಕಾರ ಆ ದೇಶಗಳಲ್ಲಿ 65 ದಾಟಿದ 100 ಜನಕ್ಕೆ ಸರಾಸರಿ 5 ಜನ ಇಂಥ ಕೆಲಸಗಾರರಿದ್ದಾರೆ, ಅವರಲ್ಲಿ ಸುಮಾರು 90% ಹೆಂಗಸರು. ಇನ್ನೊಂದು ವಿಷಯ, ಇವರಲ್ಲಿ ಹೆಚ್ಚಿನವರು ನರ್ಸ್‌ಗಳೂ ಅಲ್ಲ, ನರ್ಸ್‌ಗಿಂತ ಕಡಿಮೆ ಟ್ರೈನಿಂಗ್, ಕಡಿಮೆ ಸಂಬಳ ಇರೋ ಕೇರ್‌ಗಿವರ್‌ಗಳು. ಹಾಸಿಗೆ ಪಕ್ಕ ಅತಿ ಹೆಚ್ಚು ಹೊತ್ತು ಇರೋರು ಅವರೇ, ಮೀಟಿಂಗ್‌ನಲ್ಲಿ ಅತಿ ಕಡಿಮೆ ಮಾತಾಡೋಕೆ ಸಿಗೋದೂ ಅವರಿಗೇ.

ಆಸ್ಪತ್ರೆ ಕೆಲಸಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಆಸ್ಪತ್ರೆಯಲ್ಲಿ ಪೇಶಂಟ್ ಬರ್ತಾರೆ, ಸಾಮಾನ್ಯವಾಗಿ ಹುಷಾರಾಗಿ ಮನೆಗೆ ಹೋಗ್ತಾರೆ, ಒಂದು ಮುಗಿದ ತೃಪ್ತಿ ಸಿಗತ್ತೆ. ಇಲ್ಲಿ ಹಾಗಿಲ್ಲ. ನೀವು ಎಷ್ಟೇ ಚೆನ್ನಾಗಿ ನೋಡ್ಕೊಂಡ್ರೂ ಆ ವ್ಯಕ್ತಿ ನಿಧಾನಕ್ಕೆ ಇಳೀತಾನೇ ಹೋಗ್ತಾರೆ, ಹೋದ ವರ್ಷ ಹೆಸರು ಹಿಡಿದು ಕರೀತಿದ್ದೋರು ಈ ವರ್ಷ ನಿಮ್ಮನ್ನ ಯಾರು ಅಂತ ಕೇಳ್ತಾರೆ. ಒಳ್ಳೆ ಕೆಲಸಕ್ಕೆ ಪುರಾವೆ ಅಂದ್ರೆ ಏನೂ ಆಗದೆ ಇರೋದು: ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗೋ ಹುಣ್ಣು) ಆಗಲಿಲ್ಲ, ಬೀಳಲಿಲ್ಲ, ಊಟ ಶ್ವಾಸನಾಳಕ್ಕೆ ಹೋಗಲಿಲ್ಲ. ಆಗದೆ ಇರೋದನ್ನ ಯಾರೂ ಗಮನಿಸಲ್ಲ.

ಈಗ ಒಂದು ಬೆಳಗ್ಗೆ ಶಿಫ್ಟ್ ನೋಡೋಣ. ರಾತ್ರಿ ಡ್ಯೂಟಿಯವರು ಹ್ಯಾಂಡೋವರ್ ಕೊಟ್ಟು ಹೋದ್ರು, ಇಬ್ಬರು ಬರಬೇಕಿದ್ದ ಕಡೆ ಒಬ್ಬರು ರಜೆ, ತಿಂಡಿ ಟೈಮ್ ಒಳಗೆ ಎಂಟೋ ಹತ್ತೋ ಜನರನ್ನ ಎಬ್ಬಿಸಿ ತೊಳೆದು ಬಟ್ಟೆ ಹಾಕಿ ಕೂರಿಸಬೇಕು. ಮೊದಲನೇ ರೂಮಿನ ಅಜ್ಜಿಗೆ ಡಿಮೆನ್ಷಿಯಾ. ಅವರಿಗೆ ಎದುರಿಗಿರೋದು ಯಾರೋ ಅಪರಿಚಿತ ಹೆಂಗಸು, ಬಂದು ತನ್ನ ಬಟ್ಟೆ ಬಿಚ್ಚೋಕೆ ನೋಡ್ತಿದ್ದಾಳೆ ಅಷ್ಟೇ, ಹಾಗಾಗಿ ಕೈ ಹಿಡಿದು ತಿರುಚ್ತಾರೆ, ಚೀರ್ತಾರೆ. ಅನುಭವ ಇರೋ ಕೇರ್‌ಗಿವರ್‌ಗೆ ಏನು ಮಾಡಬೇಕು ಅಂತ ಗೊತ್ತು, ಸುಮ್ನೆ ಪಕ್ಕದಲ್ಲಿ ಕೂತು ಅವರ ಮಕ್ಕಳ ಬಗ್ಗೆ ನಾಲ್ಕು ಮಾತಾಡಿ, ಬೆಚ್ಚಗಿನ ಟವೆಲ್ ಮೊದಲು ಅವರ ಕೈಗೇ ಕೊಟ್ಟು, ಮುಖ ಅವರೇ ಒರೆಸ್ಕೊಳ್ಳೋಕೆ ಬಿಟ್ಟು, ಭುಜದ ಮೇಲೊಂದು ಬಟ್ಟೆ ಹೊದಿಸಿ, ಒಂದೊಂದೇ ಕೈ ತೊಳೆದ್ರೆ ಚೀರಾಟನೇ ಇರಲ್ಲ. ಇಪ್ಪತ್ತೈದು ನಿಮಿಷ ಬೇಕು ಇದಕ್ಕೆ. ಇರೋದು ಹತ್ತು ನಿಮಿಷ. ಅಷ್ಟರಲ್ಲಿ ಕಾರಿಡಾರ್‌ನಲ್ಲಿ ಎರಡು ಕಡೆಯಿಂದ ಬೆಲ್, ಒಬ್ಬರಿಗೆ ಟಾಯ್ಲೆಟ್‌ಗೆ ಅರ್ಜೆಂಟ್. ಸರಿ, ಬಲವಂತ ಮಾಡಿನೇ ಮುಗಿಸ್ತಾರೆ, ಅಜ್ಜಿ ಉಗುರಿಂದ ಪರಚ್ತಾರೆ, ಚಾರ್ಟ್‌ನಲ್ಲಿ "ಸ್ನಾನ ಆಯ್ತು" ಅಂತ ಒಂದು ಟಿಕ್ ಬೀಳತ್ತೆ. ಹೇಗೆ ಆಯ್ತು ಅಂತ ಬರೆಯೋಕೆ ಚಾರ್ಟ್‌ನಲ್ಲಿ ಜಾಗ ಇಲ್ಲ.

ಇಲ್ಲಿ ಕೆಲಸ ಜಾಸ್ತಿ ಇದೆ ಅನ್ನೋದು ಅರ್ಧ ಕಥೆ ಮಾತ್ರ. 1979ರಲ್ಲಿ ರಾಬರ್ಟ್ ಕಾರಸೆಕ್ ಅನ್ನೋ ಅಮೆರಿಕದ ಸಂಶೋಧಕ ಒಂದು ಸರಳವಾದ ವಿಚಾರ ಮುಂದಿಟ್ರು: ಕೆಲಸದ ಒತ್ತಡ ಒಂದೇ ಜನರನ್ನ ಕೆಡಿಸಲ್ಲ, ಒತ್ತಡ ಹೆಚ್ಚಿದ್ದು ಅದನ್ನ ಹೇಗೆ ಯಾವಾಗ ಮಾಡಬೇಕು ಅಂತ ನಿರ್ಧರಿಸೋ ಹಕ್ಕು ಕಡಿಮೆ ಇದ್ದಾಗ ಕೆಡಿಸತ್ತೆ. ಒತ್ತಡನೂ ಹೆಚ್ಚು ಹಿಡಿತನೂ ಹೆಚ್ಚು ಇರೋ ಕೆಲಸ ಸುಸ್ತು ಮಾಡಿದ್ರೂ ಮನುಷ್ಯನನ್ನ ಬೆಳೆಸತ್ತೆ. ಈ ಅಳತೆಯಲ್ಲಿ ನೋಡಿದ್ರೆ ಕೇರ್‌ಗಿವರ್ ಕೆಲಸ ನೇರವಾಗಿ ಕೆಟ್ಟ ಮೂಲೆಗೇ ಹೋಗಿ ಬೀಳತ್ತೆ. ಅಜ್ಜಿಗೆ ಸ್ನಾನ ಬೆಳಗ್ಗೆ ಬೇಡ, ಮಧ್ಯಾಹ್ನ ಊಟ ಆದ್ಮೇಲೆ ಮಾಡಿಸಿದ್ರೆ ಒಪ್ತಾರೆ ಅಂತ ಕೇರ್‌ಗಿವರ್‌ಗೆ ಗೊತ್ತು, ಆದ್ರೆ ಆ ಟೈಮ್‌ಟೇಬಲ್ ಬದಲಾಯಿಸೋ ಅಧಿಕಾರ ಆಕೆಗಿಲ್ಲ. ಆಮೇಲೆ 1988ರಲ್ಲಿ ಜಾನ್ಸನ್ ಮತ್ತು ಹಾಲ್ ಇದಕ್ಕೆ ಮೂರನೇದು ಸೇರಿಸಿದ್ರು, ಜೊತೆಯವರ ಮತ್ತು ಮೇಲಿನವರ ಸಪೋರ್ಟ್. ಒತ್ತಡ ಹೆಚ್ಚು, ಹಿಡಿತ ಕಡಿಮೆ, ಜೊತೆಗೆ ಒಂಟಿ, ಇದು ಅತಿ ಕೆಟ್ಟ ಕಾಂಬಿನೇಶನ್. ರಾತ್ರಿ ಶಿಫ್ಟ್‌ನಲ್ಲಿ ಇಡೀ ಫ್ಲೋರಿಗೆ ಒಬ್ಬರೇ ಇರೋರು, ಮನೆಮನೆಗೆ ಹೋಗಿ ಕೆಲಸ ಮಾಡೋರು, ಇವರ ಸ್ಥಿತಿ ಇದೇ.

ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಹೇಳಿದ್ದು ಇನ್ನೂ ನೇರ. ಹಾಕೋ ಶ್ರಮಕ್ಕೂ ಸಿಗೋ ಪ್ರತಿಫಲಕ್ಕೂ ತಾಳೆ ಆಗದಿದ್ರೆ ಆರೋಗ್ಯ ಕೆಡತ್ತೆ. ಪ್ರತಿಫಲ ಅಂದ್ರೆ ಬರೀ ಸಂಬಳ ಅಲ್ಲ, ಮರ್ಯಾದೆ, ಕೆಲಸದ ಭದ್ರತೆ, ಮುಂದೆ ಬರೋ ಅವಕಾಶ ಎಲ್ಲ ಸೇರಿ. ಹತ್ತು ವರ್ಷದ ಅನುಭವ ಇರೋ ಕೇರ್‌ಗಿವರ್‌ಗೂ ಹೋದ ತಿಂಗಳು ಸೇರಿದವರಿಗೂ ಸಂಬಳದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲದ ಜಾಗಗಳು ಎಷ್ಟೋ ಇವೆ. ಯಾರನ್ನಾದ್ರೂ ಏನು ಕೆಲಸ ಮಾಡ್ತೀರಿ ಅಂತ ಕೇಳಿದಾಗ "ಇದ್ದಬದ್ದೋರದ್ದೆಲ್ಲ ಬಳಿಯೋದು" ಅಂತ ತಮ್ಮನ್ನೇ ತಾವು ಆಡ್ಕೊಂಡು ಉತ್ತರ ಕೊಡೋ ಪರಿಸ್ಥಿತಿ ಇದ್ರೆ ಮರ್ಯಾದೆ ಲೆಕ್ಕದಲ್ಲಿ ಎಷ್ಟು ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ಮುಖದ ಕೆಲಸ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನೆಯ ದುಡಿಮೆ ಅನ್ನೋದರ ಬಗ್ಗೆ ಬರೆದ್ರು. ಅವರು ನೋಡಿದ್ದು ವಿಮಾನದ ಗಗನಸಖಿಯರನ್ನ, ಆದ್ರೆ ಆರೈಕೆ ಕೆಲಸಕ್ಕೆ ಅದು ಇನ್ನೂ ಚೆನ್ನಾಗಿ ಹೊಂದತ್ತೆ. ಒಳಗೆ ಸಿಟ್ಟು ಬಂದಿದ್ರೂ ಮೇಲೆ ನಗೋದು ಒಂದು ರೀತಿ, ಎದುರಿನವರ ಸ್ಥಿತಿ ಅರ್ಥ ಮಾಡ್ಕೊಂಡು ಸಿಟ್ಟನ್ನೇ ಕರಗಿಸಿ ನಗೋದು ಇನ್ನೊಂದು ರೀತಿ. ಮೊದಲನೇದು ಬೇಗ ಸುಸ್ತು ಮಾಡತ್ತೆ ಅನ್ನೋದು ಆಮೇಲಿನ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಎರಡನೇದಕ್ಕೆ ಆ ವ್ಯಕ್ತಿ ಯಾರು, ಏನಾಗಿದ್ರು, ಯಾಕೆ ಹೀಗೆ ಆಡ್ತಾರೆ ಅಂತ ಗೊತ್ತಿರಬೇಕು. ಗೊತ್ತಾಗೋಕೆ ಟೈಮ್ ಬೇಕು. ನೋಡಿ, ಮತ್ತೆ ಅಲ್ಲಿಗೇ ಬಂದ್ವಿ.

ಹೊಡೆತ ತಿನ್ನೋ ವಿಷಯ ಇದ್ಯಲ್ಲ, ಅದನ್ನ ಹೇಳೋಕೆ ಜನ ಹಿಂಜರೀತಾರೆ. ಪರಚೋದು, ಕಚ್ಚೋದು, ಉಗಿಯೋದು, ಬೈಗುಳ, ಕೆಲವು ಸಲ ಅಸಭ್ಯವಾಗಿ ಕೈ ಹಾಕೋದು, ಇವೆಲ್ಲ ಆಗತ್ತೆ, "ಅದೆಲ್ಲ ಈ ಕೆಲಸದಲ್ಲಿ ಇರೋದೇ" ಅಂತ ರಿಪೋರ್ಟೂ ಮಾಡಲ್ಲ. ಡಿಮೆನ್ಷಿಯಾ ಇರೋರಿಗೆ ಅದು ದುರುದ್ದೇಶ ಅಲ್ಲ, ಭಯ, ನೋವು, ಬಾಯಿಬಿಟ್ಟು ಹೇಳೋಕಾಗದ ಏನೋ ಒಂದು ತೊಂದರೆ. ಮೂತ್ರದ ಸೋಂಕು ಆಗಿರಬಹುದು, ಹಲ್ಲು ನೋವಿರಬಹುದು. ಅವರ ತಪ್ಪಲ್ಲ ಅನ್ನೋದೂ ನಿಜ, ಏಟು ಬಿದ್ದೋರಿಗೆ ಏಟು ಬಿದ್ದಿದ್ದೂ ನಿಜ, ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳೋ ಜಾಗದಲ್ಲಿ ಮಾತ್ರ ಕೆಲಸಗಾರರು ಬಾಯಿ ಬಿಡ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒ 2019ರಲ್ಲಿ ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ವಿರುದ್ಧ 190ನೇ ಒಪ್ಪಂದ ತಂತು, 2021ರಿಂದ ಜಾರಿಯಲ್ಲಿದೆ, ಸಹೋದ್ಯೋಗಿಗಳಷ್ಟೇ ಅಲ್ಲ, ಹೊರಗಿನ ಜನರಿಂದ ಆಗೋ ಹಿಂಸೆನೂ ಅದರ ವ್ಯಾಪ್ತಿಗೆ ಬರತ್ತೆ.

ಬರೀ ಸುಸ್ತಿಗಿಂತ ಆಳವಾದ ಇನ್ನೊಂದಿದೆ. ಅಮೆರಿಕದ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ನರ್ಸ್‌ಗಳ ಬಗ್ಗೆ ಬರೀತಾ ನೈತಿಕ ಸಂಕಟದ ವಿಚಾರ ಎತ್ತಿದ್ರು, ಅಂದ್ರೆ ಸರಿ ಯಾವುದು ಅಂತ ಗೊತ್ತಿದ್ದು ವ್ಯವಸ್ಥೆಯ ಕಟ್ಟುಪಾಡಿನಿಂದ ಅದನ್ನ ಮಾಡೋಕಾಗದೆ ಇರೋ ನೋವು. ಇದು ಮನೆಗೂ ಹಿಂಬಾಲಿಸಿಕೊಂಡು ಬರತ್ತೆ. ತಾತ ಟಾಯ್ಲೆಟ್‌ಗೆ ಕರ್ಕೊಂಡು ಹೋಗು ಅಂತ ಕೇಳಿದಾಗ "ಪ್ಯಾಡ್ ಹಾಕಿದೀನಲ್ಲ, ಅದರಲ್ಲೇ ಮಾಡ್ಕೊಳ್ಳಿ, ಆಮೇಲೆ ಬದಲಾಯಿಸ್ತೀನಿ" ಅಂತ ಹೇಳಿ ಬಂದೋರಿಗೆ ರಾತ್ರಿ ಬೆನ್ನು ನೋವಿಗೆ ಮುಲಾಮು ಹಚ್ಚಿದಷ್ಟು ಸುಲಭವಾಗಿ ಅದನ್ನ ಮರೆಯೋಕಾಗಲ್ಲ. ಕೆಲವರು ಇದರಿಂದ ತಪ್ಪಿಸ್ಕೊಳ್ಳೋಕೆ ಡ್ಯೂಟಿ ಮುಗಿದ ಮೇಲೂ ಉಳ್ಕೊಂಡು ಫ್ರೀಯಾಗಿ ಕೆಲಸ ಮಾಡ್ತಾರೆ, ಕೆಲವರು ಮನಸ್ಸಿಗೆ ಬೀಗ ಹಾಕ್ಕೊಳ್ತಾರೆ.

ಆ ಬೀಗದ ಬಗ್ಗೆ ಒಂದು ಹಳೇ ಅಧ್ಯಯನ ಇದೆ, ನನಗೆ ಇದ್ರಲ್ಲೆಲ್ಲ ಅತಿ ಇಷ್ಟವಾದದ್ದು. 1960ರಲ್ಲಿ ಇಸಬೆಲ್ ಮೆಂಜೀಸ್ ಅನ್ನೋ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸಿಂಗ್ ವ್ಯವಸ್ಥೆ ಬಗ್ಗೆ ಬರೆದ್ರು. ಅದು ಕೇರ್ ಹೋಮ್ ಅಲ್ಲ, ಆದ್ರೂ ಓದಿದ್ರೆ ಇವತ್ತಿನ ಕೇರ್ ಹೋಮ್ ಕಣ್ಣಮುಂದೆ ಬರತ್ತೆ. ಅಲ್ಲಿ ಕೆಲಸನ ತುಂಡು ತುಂಡು ಮಾಡಿ ಹಂಚಿದ್ರು, ಒಬ್ಬ ನರ್ಸ್ ಮೂವತ್ತು ಜನಕ್ಕೆ ಒಂದೇ ಕೆಲಸ ಮಾಡ್ಬೇಕು, ಒಬ್ಬ ಪೇಶಂಟ್‌ನ ಪೂರ್ತಿಯಾಗಿ ಯಾರೂ ನೋಡಲ್ಲ, ಹೆಸರಿನ ಬದಲು "ಹತ್ತನೇ ಬೆಡ್ಡಿನ ಲಿವರ್" ಅಂತ ಕರೆಯೋದು. ದಕ್ಷತೆಗೆ ಅಂತ ಕಾಣೋ ಈ ಪದ್ಧತಿ ನಿಜವಾಗಿ ಸಾವು ನೋವಿನ ಹತ್ತಿರ ಇರೋ ಆತಂಕದಿಂದ ತಪ್ಪಿಸ್ಕೊಳ್ಳೋಕೆ ಇಡೀ ಸಂಸ್ಥೆನೇ ಕಟ್ಟಿಕೊಂಡಿರೋ ಗೋಡೆ ಅಂತ ಮೆಂಜೀಸ್ ತೋರಿಸಿದ್ರು. ಆ ಗೋಡೆಯಿಂದ ಆತಂಕ ಕಮ್ಮಿ ಆಗಲಿಲ್ಲ, ಬದಲಿಗೆ ಜನರ ಜೊತೆ ಬೆರೆತು ಕೆಲಸ ಮಾಡೋ ತೃಪ್ತಿನೂ ಹೋಯ್ತು, ಒಳ್ಳೆ ವಿದ್ಯಾರ್ಥಿಗಳೇ ಬಿಟ್ಟು ಹೋಗೋಕೆ ಶುರು ಮಾಡಿದ್ರು.

ಬರ್ನ್‌ಔಟ್ ಅನ್ನೋದು ಈಗ ಎಲ್ಲರ ಬಾಯಲ್ಲೂ ಇದೆ, ಸೋಮವಾರ ಬೆಳಗ್ಗೆ ಬೇಜಾರಾದ್ರೂ ಬರ್ನ್‌ಔಟ್ ಅಂತಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಇದರ ಬಗ್ಗೆ ಮೊದಲು ಬರೆದಾಗ ಉಚಿತ ಚಿಕಿತ್ಸಾಲಯಗಳಲ್ಲಿ ಬೇರೆಯವರಿಗೆ ಸಹಾಯ ಮಾಡ್ತಿದ್ದೋರನ್ನ ನೋಡಿನೇ ಬರೆದಿದ್ದು. ಆಮೇಲೆ 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅಳೆಯೋ ವಿಧಾನ ಮಾಡಿದ್ರು. ಅದರಲ್ಲಿ ಮೂರು ಭಾಗ: ಮನಸ್ಸು ಪೂರ್ತಿ ಬರಿದಾಗೋದು, ಎದುರಿಗಿರೋ ಮನುಷ್ಯರು ವಸ್ತುಗಳ ಥರ ಕಾಣೋಕೆ ಶುರುವಾಗೋದು, ನಾನು ಮಾಡ್ತಿರೋದ್ರಿಂದ ಏನೂ ಪ್ರಯೋಜನ ಇಲ್ಲ ಅನ್ನಿಸೋದು. ಎರಡನೇದನ್ನ ಹೊರಗಿನವರು ಕಲ್ಲುಮನಸ್ಸು ಅಂದ್ಕೊಳ್ತಾರೆ. ಹೆಚ್ಚಿನ ಸಲ ಅದು ಮೊದಲನೇದರ ಪರಿಣಾಮ. ವಿಶ್ವ ಆರೋಗ್ಯ ಸಂಸ್ಥೆ ಕೂಡ ತನ್ನ ಕಾಯಿಲೆಗಳ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್‌ನ ಕಾಯಿಲೆ ಅಂತ ಸೇರಿಸಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಜಾಗದ ಒತ್ತಡದಿಂದ ಬರೋ ಸ್ಥಿತಿ ಅಂತಲೇ ವಿವರಿಸಿದೆ. ಅಂದ್ರೆ ಕಾರಣ ಹುಡುಕಬೇಕಾಗಿರೋದು ಡ್ಯೂಟಿ ರೋಸ್ಟರ್‌ನಲ್ಲಿ.

ಸಾವಿನ ಬಗ್ಗೆ ಎರಡು ಮಾತು. ಮೂರು ವರ್ಷ ದಿನಾ ತಲೆ ಬಾಚಿ ತುತ್ತು ಕೊಟ್ಟ ಅಜ್ಜಿ ಹೋಗ್ಬಿಟ್ರೆ ಮನೆಯವರಿಗೆ ಎಲ್ಲರೂ ಸಮಾಧಾನ ಹೇಳ್ತಾರೆ, ಕೇರ್‌ಗಿವರ್‌ಗೆ ರೂಮ್ ಖಾಲಿ ಮಾಡಿ ಕ್ಲೀನ್ ಮಾಡು, ನಾಳೆ ಹೊಸ ಅಡ್ಮಿಶನ್ ಇದೆ ಅಂತ ಹೇಳ್ತಾರೆ. ದುಃಖ ಪಡೋ ಹಕ್ಕೇ ನಿನಗಿಲ್ಲ ಅಂದ ಹಾಗೆ. ಕೆನ್ನೆತ್ ಡೋಕಾ ಅನ್ನೋ ವಿದ್ವಾಂಸರು 1989ರಲ್ಲಿ ಸಮಾಜ ಒಪ್ಪದ ಇಂಥ ದುಃಖದ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಮೈಯ ವಿಷಯ ಬಿಡೋ ಹಾಗಿಲ್ಲ. ಮನುಷ್ಯರನ್ನ ಎತ್ತೋದು ಅಂದ್ರೆ ಮೂಟೆ ಎತ್ತಿದ ಹಾಗಲ್ಲ, ಮಧ್ಯದಲ್ಲಿ ಅವರು ಹೆದರಿ ಬಿಗಿ ಹಿಡೀತಾರೆ, ಕಾಲು ಕುಸಿಯತ್ತೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ, ಎಲ್ಲ ಅನುಕೂಲ ಇದ್ರೂ ಒಬ್ಬರು ಕೈಯಿಂದ ಎತ್ತಬಹುದಾದ ಪೇಶಂಟ್ ಭಾರ 35 ಪೌಂಡ್, ಅಂದ್ರೆ ಸುಮಾರು 16 ಕಿಲೋ ಅಂತ ಹೇಳಿದ್ರು. ಮೈ ಭಾರ ಇರೋ ದೊಡ್ಡೋರ ಒಂದು ಕಾಲು ಎತ್ತಿ ಹಿಡಿದ್ರೇ ಹತ್ತತ್ರ ಅಷ್ಟಾಗತ್ತೆ. ಎತ್ತೋ ಮೆಷಿನ್ ಇರತ್ತೆ, ಆದ್ರೆ ಅದು ಬೇರೆ ಫ್ಲೋರಲ್ಲಿ ಇರತ್ತೆ, ಇಲ್ಲಾ ಬ್ಯಾಟರಿ ಸತ್ತಿರತ್ತೆ, ಅಥವಾ ಅದಕ್ಕೆ ಇಬ್ಬರು ಬೇಕು, ಇರೋದು ಒಬ್ಬರು. ಇದರ ಮೇಲೆ ನೈಟ್ ಶಿಫ್ಟ್. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2007ರಲ್ಲೂ ಮತ್ತೆ 2019ರಲ್ಲೂ ರಾತ್ರಿ ಪಾಳಿಯನ್ನ "ಬಹುಶಃ ಕ್ಯಾನ್ಸರ್‌ಕಾರಕ" ಅನ್ನೋ ಗುಂಪಿಗೆ ಸೇರಿಸಿದೆ. ಸಂಜೆ ಶಿಫ್ಟ್ ಮುಗಿಸಿ ಮಾರನೇ ದಿನ ಬೆಳಗ್ಗೆ ಶಿಫ್ಟ್‌ಗೆ ಬರಬೇಕಾದ್ರೆ ಮಧ್ಯೆ ನಿದ್ದೆಗೆ ಉಳಿಯೋದು ಐದಾರು ಗಂಟೆ ಅಷ್ಟೇ, ಯುರೋಪಿಯನ್ ಒಕ್ಕೂಟದ ನಿಯಮ ಶಿಫ್ಟ್‌ಗಳ ಮಧ್ಯೆ 11 ಗಂಟೆ ಬಿಡುವು ಕೇಳೋದು ಇದಕ್ಕೇ.

ಹೀಗೆಲ್ಲ ಆದ್ಮೇಲೆ ಜನ ಕೆಲಸ ಬಿಡ್ತಾರೆ, ಉಳಿದೋರ ಮೇಲೆ ಭಾರ ಬೀಳತ್ತೆ, ಅವರೂ ಬಿಡ್ತಾರೆ. ಅಮೆರಿಕದ ನರ್ಸಿಂಗ್ ಹೋಮ್‌ಗಳ 2017-18ರ ದಾಖಲೆ ನೋಡಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನರ್ಸಿಂಗ್ ಸಿಬ್ಬಂದಿ ಕೆಲಸ ಬಿಡೋ ಪ್ರಮಾಣ ವರ್ಷಕ್ಕೆ ಸರಾಸರಿ 128% ಬಂತು. ನೂರಕ್ಕಿಂತ ಜಾಸ್ತಿ ಹೇಗೆ ಅಂದ್ರೆ, ಒಂದೇ ಕೆಲಸಕ್ಕೆ ವರ್ಷದಲ್ಲಿ ಒಬ್ಬರು ಬಂದು ಹೋಗಿ, ಅವರ ಜಾಗಕ್ಕೆ ಬಂದ ಇನ್ನೊಬ್ಬರೂ ಹೋಗೋದು. ಆಗ ಮೊದಲನೇ ರೂಮಿನ ಅಜ್ಜಿಗೆ ಬರೋರೆಲ್ಲ ನಿಜವಾಗ್ಲೂ ಅಪರಿಚಿತರೇ.

ಕೋವಿಡ್ ಟೈಮಲ್ಲಿ ಇದರ ಬೆಲೆ ಎಲ್ಲರಿಗೂ ಕಾಣಿಸ್ತು. ಕೆನಡಾದಲ್ಲಿ ಮೊದಲ ಅಲೆಯ ಕೋವಿಡ್ ಸಾವುಗಳಲ್ಲಿ ಸುಮಾರು 80% ದೀರ್ಘಕಾಲದ ಆರೈಕೆ ಕೇಂದ್ರಗಳದ್ದು. ಒಂದು ಕಡೆ ಸಂಬಳ ಸಾಲದೆ ಎರಡು ಮೂರು ಕಡೆ ಪಾರ್ಟ್ ಟೈಮ್ ಮಾಡ್ತಿದ್ದ ಕೆಲಸಗಾರರ ಜೊತೆ ವೈರಸ್ಸೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತಿತ್ತು, ಹಾಗಾಗಿ 2020ರಲ್ಲಿ ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಒಬ್ಬರು ಒಂದೇ ಕಡೆ ಕೆಲಸ ಮಾಡಬೇಕು ಅಂತ ಆದೇಶ ಮಾಡಿ ಸಂಬಳನೂ ಸರಿದೂಗಿಸ್ತು. ಮೊದಲೇ ಒಂದು ಕಡೆ ಸರಿಯಾದ ಸಂಬಳ ಕೊಟ್ಟಿದ್ರೆ ಅನ್ನಿಸಲ್ವಾ?

ಇಷ್ಟೆಲ್ಲ ಓದಿ ಇದು ಬರೀ ನರಕ ಅಂದ್ಕೊಬೇಡಿ. ಇದೇ ಕೆಲಸಗಾರರನ್ನ ಕೇಳಿದ್ರೆ ಎಷ್ಟೋ ಜನ ಕೆಲಸ ಇಷ್ಟ ಅಂತಾನೇ ಹೇಳ್ತಾರೆ, ಸುಸ್ತೂ ಇದೆ, ಖುಷಿನೂ ಇದೆ, ಒಬ್ಬರಲ್ಲೇ. ಇದನ್ನ ಅರ್ಥ ಮಾಡ್ಕೊಳ್ಳೋಕೆ 2001ರಲ್ಲಿ ಡೆಮೆರೌಟಿ, ಬಾಕರ್ ಮತ್ತು ಸಂಗಡಿಗರು ಮಾಡಿದ ಮಾದರಿ ಸಹಾಯ ಮಾಡತ್ತೆ. ಕೆಲಸ ಕೇಳೋ ಬೇಡಿಕೆಗಳು ಒಂದು ದಾರಿಯಲ್ಲಿ ಬಳಲಿಕೆ ತರ್ತವೆ, ಕೆಲಸ ಕೊಡೋ ಆಸರೆಗಳು, ಅಂದ್ರೆ ಹಿಡಿತ, ಒಳ್ಳೆ ಟೀಮ್, ಕಲಿಯೋ ಅವಕಾಶ, ಮಾಡಿದ್ದಕ್ಕೊಂದು ಮಾತು, ಇವು ಇಲ್ಲದಿದ್ರೆ ಇನ್ನೊಂದು ದಾರಿಯಲ್ಲಿ ಆಸಕ್ತಿ ಸಾಯತ್ತೆ. ನೆಮ್ಮದಿ ಅಂದ್ರೆ ಸ್ಟ್ರೆಸ್ ಇಲ್ಲದಿರೋದು ಅಂತಷ್ಟೇ ಅಲ್ಲ, ಅದಕ್ಕೆ ಬೇರೆಯಾಗೇ ಕೆಲಸ ಮಾಡಬೇಕು.

ಹಾಗಾದ್ರೆ ಏನು ಮಾಡಬಹುದು? ಮೊದಲನೇದು ಸಿಬ್ಬಂದಿಯ ತಲೆ ಎಣಿಕೆ. ಅಮೆರಿಕದಲ್ಲಿ 2001ರ ಸರ್ಕಾರಿ ಅಧ್ಯಯನವೊಂದು ಒಬ್ಬ ನಿವಾಸಿಗೆ ದಿನಕ್ಕೆ 4.1 ಗಂಟೆ ನರ್ಸಿಂಗ್ ಆರೈಕೆ ಬೇಕು ಅಂದಿತ್ತು. 2024ರಲ್ಲಿ ಕೊನೆಗೂ ಕೇಂದ್ರ ಸರ್ಕಾರದ ನಿಯಮ ಬಂತು, 3.48 ಗಂಟೆ. ಮೂರು ಶಿಫ್ಟ್‌ಗೆ ಹಂಚಿದ್ರೆ ಒಂದು ಶಿಫ್ಟ್‌ಗೆ 70 ನಿಮಿಷ ಆಗತ್ತೆ, ಅದರಲ್ಲೇ ಸ್ನಾನ, ಊಟ, ಮಾತ್ರೆ, ಬರೆಯೋ ಕೆಲಸ ಎಲ್ಲ. ಅದೂ ಜಾರಿಯಾಗೋಕೆ ಮೊದಲೇ 2025ರಲ್ಲಿ ಕೋರ್ಟು ರದ್ದು ಮಾಡ್ತು.

ಎರಡನೇದು ಹಿಡಿತ. ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಯೋಸ್ ಡಿ ಬ್ಲಾಕ್ ಶುರು ಮಾಡಿದ ಬ್ಯೂರ್ಟ್‌ಝೋರ್ಗ್ ಅನ್ನೋ ಸಂಸ್ಥೆಯಲ್ಲಿ ಮನೆಗೆ ಹೋಗಿ ಆರೈಕೆ ಮಾಡೋ ನರ್ಸ್‌ಗಳು ಹೆಚ್ಚೆಂದ್ರೆ 12 ಜನರ ಟೀಮ್ ಮಾಡ್ಕೊಂಡು ರೋಸ್ಟರ್, ಯಾರ ಮನೆಗೆ ಯಾರು, ಎಷ್ಟು ಹೊತ್ತು, ಎಲ್ಲ ತಾವೇ ನಿರ್ಧರಿಸ್ತಾರೆ, ಮೇಲೆ ಮ್ಯಾನೇಜರ್ ಇಲ್ಲ. ಎಲ್ಲ ಕಡೆ ಹಾಗೇ ನಕಲು ಮಾಡೋಕಾಗಲ್ಲ, ಅಲ್ಲಿರೋರು ತರಬೇತಿ ಪಡೆದ ನರ್ಸ್‌ಗಳು, ಆದ್ರೂ ಸ್ನಾನದ ಟೈಮ್ ಕೇರ್‌ಗಿವರ್ರೇ ನಿರ್ಧರಿಸೋಕೆ ಯಾವ ಬಜೆಟ್ಟೂ ಬೇಕಾಗಿಲ್ಲ. ಒಬ್ಬರಿಗೆ ಅದೇ ನಿವಾಸಿಗಳನ್ನ ದಿನಾ ಕೊಡೋದೂ ಅಷ್ಟೇ ಸುಲಭ, ಸಾವಾದಾಗ ನೋವು ಜಾಸ್ತಿ ಆಗತ್ತೆ ನಿಜ, ಅದಕ್ಕೆ ಹತ್ತು ನಿಮಿಷ ಎಲ್ಲರೂ ಸೇರಿ ಅವರನ್ನ ನೆನೆಸ್ಕೊಳ್ಳೋ ಪದ್ಧತಿ ಇಟ್ಕೊಂಡಿರೋ ಜಾಗಗಳಿವೆ. ಹಾಗೇ ನೇರ ಮೇಲಿನ ಸೂಪರ್‌ವೈಸರ್ ಎಂಥೋರು ಅನ್ನೋದು ಎಷ್ಟು ಮುಖ್ಯ ಅಂದ್ರೆ, ಏಟು ತಿಂದು ಬಂದಾಗ ಅವರು ಮೊದಲು "ನೀನೇನು ಮಾಡಿದೆ?" ಅಂತ ಕೇಳ್ತಾರೋ "ನಿನಗೇನಾಯ್ತು?" ಅಂತ ಕೇಳ್ತಾರೋ ಅನ್ನೋದ್ರ ಮೇಲೆ ಎಷ್ಟೋ ರಾಜೀನಾಮೆಗಳು ನಿಂತಿರ್ತವೆ.

ಮೆಡಿಟೇಶನ್ ಕ್ಲಾಸ್ ಬೇಡ ಅಂತ ನಾನು ಹೇಳ್ತಿಲ್ಲ, ನಿದ್ದೆ ಬರದೋರಿಗೆ ಸ್ವಲ್ಪ ಉಪಯೋಗ ಆಗಬಹುದು. ಆದ್ರೆ ಇಬ್ಬರ ಕೆಲಸ ಒಬ್ಬರು ಮಾಡ್ತಿರೋ ಕಡೆ ಅದನ್ನ ಊಟದ ಬ್ರೇಕ್‌ನಲ್ಲಿ ಇಟ್ಟು ಅಟೆಂಡೆನ್ಸ್ ತಗೊಂಡ್ರೆ ಅದೂ ಇನ್ನೊಂದು ಡ್ಯೂಟಿ ಆಯ್ತು ಅಷ್ಟೇ.

ನಿಮ್ಮ ಮನೆಯವರನ್ನ ಇಂಥ ಕಡೆ ಸೇರಿಸೋ ಸಂದರ್ಭ ಬಂದ್ರೆ ಲಾಬಿ, ಗಾರ್ಡನ್ ನೋಡಿ ಮಾರು ಹೋಗಬೇಡಿ. ರಾತ್ರಿ ಎರಡು ಗಂಟೆಗೆ ಈ ಫ್ಲೋರಲ್ಲಿ ಎಷ್ಟು ಜನ ಸ್ಟಾಫ್ ಇರ್ತಾರೆ, ಎತ್ತೋ ಮೆಷಿನ್ ಎಲ್ಲಿಟ್ಟಿದೀರಿ, ಕೇರ್‌ಗಿವರ್‌ಗಳಲ್ಲಿ ಎರಡು ವರ್ಷಕ್ಕಿಂತ ಹಳಬರು ಎಷ್ಟು ಜನ ಅಂತ ಕೇಳಿ. ಮ್ಯಾನೇಜರ್ ಉತ್ತರ ಕೊಟ್ಟ ಮೇಲೆ ಅದೇ ಮೂರನೇ ಪ್ರಶ್ನೆನ ಕಾರಿಡಾರ್‌ನಲ್ಲಿ ಸಿಗೋ ಕೇರ್‌ಗಿವರ್‌ಗೂ ಕೇಳಿ, ಎರಡೂ ಉತ್ತರ ಒಂದೇ ಇದ್ರೆ ಆಮೇಲೆ ಫೀಸ್ ವಿಷಯ ಮಾತಾಡಿ.